ಪಾಂಡವಪುರಕ್ಕೆ ಹೋಗಿ ನೋಡಿದವರು

ಇವತ್ತು ಒಂದು ತಪ್ಪಿನಿಂದ ಶುರು ಮಾಡ್ತೀನಿ. ತಪ್ಪು ನನ್ನದೇ.

ರಾತ್ರಿ ಒಂಬತ್ತರ ಕಾರ್ಯಕ್ರಮ. ವಿಷಯ ಹಾರುವ ತಟ್ಟೆ. ಹಿಂದೆ ದೊಡ್ಡ ಪರದೆ ಮೇಲೆ ಹಸಿರು ಬಣ್ಣದ ತಟ್ಟೆ ಗಿರಗಿರ ತಿರುಗ್ತಾ ಇದೆ, ಭಯ ಹುಟ್ಟಿಸೋ ಮ್ಯೂಸಿಕ್ಕು ಬೇರೆ. ನನ್ನ ಎಡಕ್ಕೆ ಒಬ್ಬರು, ನಮ್ಮ ದೇವಸ್ಥಾನಗಳನ್ನೆಲ್ಲ ಅನ್ಯಗ್ರಹದವರೇ ಕಟ್ಟಿದ್ದು ಅನ್ನುವವರು. ಬಲಕ್ಕೆ ಇನ್ನೊಬ್ಬರು, ಇಂಥ ಪ್ರತಿ ಚರ್ಚೆಗೂ ಬಂದು 'ಇದೆಲ್ಲ ಸುಳ್ಳು' ಅಂತ ಹೇಳಿ ಹೋಗುವವರು. ಅವರಿಗೆ ಅದೇ ಕೆಲಸ. ಕೆ.ಆರ್.ಪೇಟೆ ತಾಲ್ಲೂಕಿನ ಒಂದು ಹಳ್ಳಿಯಿಂದ ಒಬ್ಬ ಹೆಣ್ಣುಮಗಳು ಫೋನ್ ಲೈನಿಗೆ ಬಂದರು.

"ಸಾರ್, ಸಾಯಂಕಾಲ ಏಳೂ ಕಾಲು ಇರ್ಬೋದು. ಹಸುಗೆ ಹುಲ್ಲು ಹಾಕಿ ಆಚೆ ಬಂದೆ. ಪಡುವಲ ಕಡೆಯಿಂದ ದೀಪದ ಸಾಲು ಬಂತು ಸಾರ್. ಒಂದರ ಹಿಂದೆ ಒಂದು, ದಾರಕ್ಕೆ ಪೋಣಿಸ್ದಂಗೆ. ಎಣಿಸ್ತಾ ಹೋದೆ, ಮೂವತ್ತಾದ್ಮೇಲೆ ಲೆಕ್ಕ ತಪ್ಪೋಯ್ತು. ಸದ್ದೇ ಇಲ್ಲ. ನಾಗಮಂಗಲದ ಕಡೆ ಹೋಗ್ತಾ ಹೋಗ್ತಾ ಆಕಾಶದ ನಡುವೇನೇ ಒಂದೊಂದಾಗಿ ಆರೋದ್ವು."

ಬಲಗಡೆಯವರು ಕೇಳಿದರು, "ಅಮ್ಮಾ, ಹಿಂದಿನ ರಾತ್ರಿ ಯಾವ ಸಿನಿಮಾ ನೋಡಿದ್ರಿ?" ಸ್ಟುಡಿಯೋ ಎಲ್ಲ ನಕ್ಕಿತು. ನಾನೂ ನಕ್ಕೆ. ಆ ಕಡೆಯಿಂದ ಫೋನ್ ಇಟ್ಟ ಸದ್ದು ಕೇಳಿಸಿತು. ನಾನು ಬ್ರೇಕ್ ತಗೊಂಡೆ.

ಮನೆಗೆ ಹೋಗುವಾಗ ಕಾರಿನಲ್ಲಿ ಹೊಳೆಯಿತು. ಆಕೆ ಏನೇನು ಹೇಳಿದ್ದಳು? ಹೊತ್ತು ಹೇಳಿದಳು. ದಿಕ್ಕು ಹೇಳಿದಳು. ಸಂಖ್ಯೆ ಹೇಳಿದಳು, ಎಲ್ಲಿ ಲೆಕ್ಕ ತಪ್ಪಿತು ಅನ್ನೋದನ್ನೂ ಹೇಳಿದಳು. ಸದ್ದಿರಲಿಲ್ಲ ಅಂದಳು, ಎಲ್ಲಿ ಮರೆಯಾಯಿತು ಅಂದಳು. ಇಂಜಿನಿಯರಿಂಗ್ ಓದುವಾಗ ನನ್ನ ಲ್ಯಾಬ್ ರೆಕಾರ್ಡಿನಲ್ಲಿ ಇಷ್ಟು ಅಚ್ಚುಕಟ್ಟಾದ ರೀಡಿಂಗ್ ನಾನು ಬರೆದವನಲ್ಲ. ಅನ್ಯಗ್ರಹದವರು ಬಂದರು ಅಂತ ಆಕೆ ಒಂದು ಮಾತೂ ಆಡಿರಲಿಲ್ಲ. ಆ ಮಾತು ಆಡಿದ್ದು ನಮ್ಮ ಪರದೆ.

ಆಕೆ ಕಂಡದ್ದಕ್ಕೆ ತುಂಬ ಚೆನ್ನಾಗಿ ಹೊಂದುವ ಉತ್ತರ ಸ್ಟಾರ್‌ಲಿಂಕ್. 2019ರ ಮೇ ತಿಂಗಳಿಂದ ಅಮೆರಿಕದ ಸ್ಪೇಸ್‌ಎಕ್ಸ್ ಕಂಪನಿ ಇಂಟರ್‌ನೆಟ್ ಉಪಗ್ರಹಗಳನ್ನು ಹತ್ತಾರರ ಗುಂಪಿನಲ್ಲಿ ಹಾರಿಸ್ತಿದೆ. ಮೊದಲ ಗುಂಪಿನಲ್ಲಿ 60 ಇದ್ದವು. ಹಾರಿಸಿದ ಹೊಸದರಲ್ಲಿ ಅವು ಒಂದೇ ಸಾಲಿನಲ್ಲಿ ಸಾಗುತ್ತವೆ. ಸಂಜೆ ನಮಗಿಲ್ಲಿ ಕತ್ತಲಾದರೂ ಅಷ್ಟು ಎತ್ತರದಲ್ಲಿ ಇನ್ನೂ ಬಿಸಿಲಿರುತ್ತೆ, ಹಾಗಾಗಿ ಹೊಳೆಯುತ್ತವೆ. ಪೂರ್ವಕ್ಕೆ ಸರಿದು ಭೂಮಿಯ ನೆರಳಿಗೆ ಹೊಕ್ಕಾಗ ಒಂದೊಂದಾಗಿ ಆರುತ್ತವೆ. ಆಕೆ ಹೇಳಿದ ಹಾಗೇ. ಎರಡು ನಿಮಿಷದ ವಿವರಣೆ. ಅದನ್ನು ನಂಬುವವರೂ ಕೊಡಲಿಲ್ಲ, ನಂಬದವರೂ ಕೊಡಲಿಲ್ಲ.

ನನಗೆ ಅನ್ಯಗ್ರಹದ ವಾಹನಗಳಲ್ಲಿ ನಂಬಿಕೆ ಇಲ್ಲ. ಅಂಥದೊಂದು ಬಂದಿದೆ ಅನ್ನೋದಕ್ಕೆ ಇವತ್ತಿನವರೆಗೆ ಗಟ್ಟಿ ಸಾಕ್ಷಿ ಸಿಕ್ಕಿಲ್ಲ. ಇವತ್ತಿನ ನನ್ನ ತಕರಾರು ಮಾತ್ರ ನಂಬುವವರ ಮೇಲಲ್ಲ, ನೋಡದೆಯೇ ತಳ್ಳಿಹಾಕುವವರ ಮೇಲೆ. ಯಾಕಂದ್ರೆ ಇವರು ವಿಜ್ಞಾನದ ಹೆಸರಲ್ಲಿ ಮಾತಾಡ್ತಾರೆ. ವಿಜ್ಞಾನದ ಇತಿಹಾಸ ತೆಗೆದು ನೋಡಿದರೆ, ಹೀಗೆ ನಕ್ಕವರು ಎಷ್ಟು ಸಲ ಮುಖಭಂಗ ಅನುಭವಿಸಿದ್ದಾರೆ ಗೊತ್ತಾ?

ನಮ್ಮ ಮಂಡ್ಯ ಜಿಲ್ಲೆಯದೇ ಒಂದು ಕಲ್ಲಿನ ಕತೆ ಇದೆ. ನಾಗಮಂಗಲದ ಪಕ್ಕದ ತಾಲ್ಲೂಕು ಮದ್ದೂರು. 1865ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ಆಕಾಶದಿಂದ ಕಲ್ಲು ಬಿತ್ತು. ಜಗತ್ತಿನ ಉಲ್ಕಾಶಿಲೆಗಳ ಅಧಿಕೃತ ಪಟ್ಟಿಯಲ್ಲಿ ಇವತ್ತಿಗೂ ಆ ಕಲ್ಲಿನ ಹೆಸರಿದೆ, ಬ್ರಿಟಿಷರ ಬಾಯಲ್ಲಿ ಮದ್ದೂರು 'ಮುದ್ದೂರ್' ಆಗಿ. ನಾವು ವಡೆಗೆ ಮಾತ್ರ ಮದ್ದೂರು ಅಂದುಕೊಂಡಿದ್ದೀವಿ. ಅದಕ್ಕೆ ಒಂದು ತಿಂಗಳಿಗೂ ಕಡಿಮೆ ಅಂತರದಲ್ಲಿ, ಆಗಸ್ಟ್ 25ಕ್ಕೆ, ಬಿಹಾರದ ಶೇರ್‌ಘಾಟಿಯಲ್ಲಿ ಬಿದ್ದ ಇನ್ನೊಂದು ಕಲ್ಲು ಮಂಗಳ ಗ್ರಹದ್ದು ಅಂತ ಬಹಳ ವರ್ಷಗಳ ನಂತರ ಗೊತ್ತಾಯಿತು.

ಮದ್ದೂರಿನ ಕಲ್ಲು ನೂರು ವರ್ಷ ಮೊದಲು ಬಿದ್ದಿದ್ದರೆ ಏನಾಗುತ್ತಿತ್ತು? ಕಂಡ ರೈತನನ್ನು ಪ್ಯಾರಿಸ್‌ನ ಪಂಡಿತರು ಮೂಢ ಅನ್ನುತ್ತಿದ್ದರು. 1768ರಲ್ಲಿ ಫ್ರಾನ್ಸಿನ ಲೂಸೆ ಎಂಬಲ್ಲಿ ಹೊಲದಲ್ಲಿ ಕೆಲಸ ಮಾಡುತ್ತಿದ್ದ ಜನ ಕಲ್ಲು ಬಿದ್ದದ್ದನ್ನು ಕಂಡರು, ಮುಟ್ಟಿದರೆ ಬಿಸಿ ಇತ್ತು. ಪ್ಯಾರಿಸ್‌ನ ವಿಜ್ಞಾನ ಅಕಾಡೆಮಿ ಮೂವರನ್ನು ಪರೀಕ್ಷೆಗೆ ನೇಮಿಸಿತು. ಅವರಲ್ಲೊಬ್ಬರು ಆಧುನಿಕ ರಸಾಯನಶಾಸ್ತ್ರದ ಪಿತಾಮಹ ಅನಿಸಿಕೊಂಡ ಲಾವೋಸಿಯೆ. ಕಲ್ಲನ್ನು ಅರೆದು ನೋಡಿದರು. ತೀರ್ಪು: ಇದು ಭೂಮಿಯ ಕಲ್ಲೇ, ಸಿಡಿಲು ಹೊಡೆದಿದೆ, ಅಷ್ಟೇ. ಲಾವೋಸಿಯೆ ದಡ್ಡರಲ್ಲ. ಕಲ್ಲನ್ನು ಪರೀಕ್ಷಿಸಿದರು, ಆದರೆ ಕಂಡವರ ಮಾತನ್ನು ತೂಕಕ್ಕೇ ಹಾಕಲಿಲ್ಲ.

1794ರಲ್ಲಿ ಕ್ಲಾಡ್ನಿ ಎಂಬ ಜರ್ಮನ್ ವಿಜ್ಞಾನಿ, ಇವು ಆಕಾಶದಿಂದಲೇ ಬರುತ್ತವೆ ಅಂತ ಪುಸ್ತಕ ಬರೆದರು. ಅವರನ್ನೂ ಗೇಲಿ ಮಾಡಿದರು. 1798ರ ಡಿಸೆಂಬರ್‌ನಲ್ಲಿ ನಮ್ಮ ಕಾಶಿ ಹತ್ತಿರ ಕಲ್ಲುಗಳು ಬಿದ್ದವು. ಆ ಕಲ್ಲುಗಳು ಇಂಗ್ಲೆಂಡಿಗೆ ಹೋದವು, ಅಲ್ಲಿ ಹೋವರ್ಡ್ ಎಂಬ ರಸಾಯನಶಾಸ್ತ್ರಜ್ಞ ಪರೀಕ್ಷಿಸಿ, ಬೇರೆ ಬೇರೆ ದೇಶಗಳಲ್ಲಿ ಬಿದ್ದ ಕಲ್ಲುಗಳೆಲ್ಲ ಒಂದೇ ಜಾತಿ ಅಂತ 1802ರಲ್ಲಿ ತೋರಿಸಿದರು. ಆದರೂ ವಾದ ಮುಗಿಯಲಿಲ್ಲ. ಮುಗಿದದ್ದು 1803ರಲ್ಲಿ. ಫ್ರಾನ್ಸಿನ ಲೆಗ್ಲ್ ಊರಿನ ಸುತ್ತ ಏಪ್ರಿಲ್ 26ರಂದು ಸಾವಿರಾರು ಕಲ್ಲು ಉದುರಿದಾಗ, ಬಿಯೋ ಎಂಬ 29 ವರ್ಷದ ವಿಜ್ಞಾನಿ ಅಲ್ಲಿಗೇ ಹೋದರು. ಊರೂರು ಅಲೆದು ಜನರ ಹೇಳಿಕೆ ಪಡೆದರು. ಒಬ್ಬರಿಗೊಬ್ಬರು ಸಂಬಂಧವೇ ಇಲ್ಲದ ಜನ ಒಂದೇ ಮಾತು ಹೇಳುತ್ತಿದ್ದರು. ಹೇಳಿಕೆ ಮತ್ತು ಕಲ್ಲು, ಎರಡನ್ನೂ ಜೋಡಿಸಿ ವರದಿ ಕೊಟ್ಟರು. ಆಮೇಲೆ ಯಾರೂ ನಗಲಿಲ್ಲ.

ಶ್ರೀರಂಗಪಟ್ಟಣದ ಜನಕ್ಕೆ ಇದನ್ನು ಬೇರೆ ಥರ ಹೇಳಬಹುದು. 1799ರ ಏಪ್ರಿಲ್ 5ರ ರಾತ್ರಿ ಕೋಟೆಯ ಹತ್ತಿರ ಸುಲ್ತಾನ್‌ಪೇಟೆ ತೋಪಿನಲ್ಲಿ ಬ್ರಿಟಿಷ್ ಪಡೆ ದಿಕ್ಕೆಟ್ಟಿತು. ಕತ್ತಲು, ಗುಂಡಿನ ಮಳೆ, ಅದರ ಜೊತೆ ಮೈಸೂರಿನ ಬಾಣಗಳು, ಅಂದರೆ ರಾಕೆಟ್‌ಗಳು. ಆ ಪಡೆಯ ನಾಯಕ ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದವನು. 'ಕಪ್ಪು ಜನರ ಪಟಾಕಿ' ಅಂತ ನಕ್ಕು ಬಿಡಬಹುದಿತ್ತು. ಬಿಡಲಿಲ್ಲ. ಕೋಟೆ ಬಿದ್ದ ಮೇಲೆ ರಾಕೆಟ್‌ಗಳನ್ನು ವುಲ್ವಿಚ್‌ಗೆ ಒಯ್ದರು. ಕಾಂಗ್ರೀವ್ ಅದರ ಮೇಲೆ ಕೂತು ಕೆಲಸ ಮಾಡಿ ಕೆಲವೇ ವರ್ಷದಲ್ಲಿ ಬ್ರಿಟಿಷ್ ರಾಕೆಟ್ ತಯಾರಿಸಿದ. ನಮಗೆ ಹೊಟ್ಟೆ ಉರಿಯುವ ಕತೆಯೇ, ಆದರೆ ಬುದ್ಧಿವಂತರು ಹೇಗಿರುತ್ತಾರೆ ಅನ್ನೋದೂ ಅದರಲ್ಲಿದೆ.

ಈಗ ಪಾಂಡವಪುರಕ್ಕೆ ಬರೋಣ. ಇಸವಿ 1976. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಎಚ್. ನರಸಿಂಹಯ್ಯ, ನಮ್ಮೆಲ್ಲರ 'ಎಚ್ಚೆನ್'. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯಿಂದ ಬಂದು, ಓಹಿಯೋ ಸ್ಟೇಟ್ ಯೂನಿವರ್ಸಿಟಿಯಲ್ಲಿ ಪರಮಾಣು ಭೌತಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಿದವರು. ಖಾದಿ ಪಂಚೆ, ಜುಬ್ಬ, ತಲೆ ಮೇಲೆ ಗಾಂಧಿ ಟೋಪಿ. ಮದುವೆ ಇಲ್ಲ, ಆಸ್ತಿ ಇಲ್ಲ, ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯೇ ಮನೆ. ಅವರು ವಿಶ್ವವಿದ್ಯಾಲಯದಿಂದ ಒಂದು ಸಮಿತಿ ಮಾಡಿದರು, ಪವಾಡಗಳನ್ನು ಮತ್ತು ಪರೀಕ್ಷಿಸಬಹುದಾದ ಮೂಢನಂಬಿಕೆಗಳನ್ನು ತನಿಖೆ ಮಾಡೋದಕ್ಕೆ. 'ಪರೀಕ್ಷಿಸಬಹುದಾದ' ಅನ್ನೋ ಮಾತು ಸಮಿತಿಯ ಹೆಸರಿನಲ್ಲೇ ಇತ್ತು. ಪರೀಕ್ಷಿಸಲಾಗದ್ದರ ತಂಟೆಗೆ ಹೋಗಲ್ಲ ಅಂತ ಅದರ ಅರ್ಥ.

ಆ ಹೊತ್ತಿಗೆ ಪಾಂಡವಪುರದಲ್ಲಿ ಏಳು ವರ್ಷದ ಹುಡುಗನೊಬ್ಬ ವಿಭೂತಿ ಸೃಷ್ಟಿಸ್ತಾನೆ ಅಂತ ಸುದ್ದಿ. ಜನ ದಂಡುದಂಡಾಗಿ ಹೋಗ್ತಿದ್ದರು. ಹುಡುಗನ ಹೆಸರು ನಾನು ಹೇಳಲ್ಲ. ಅವನಿಗೆ ಆಗ ಏಳು ವರ್ಷ, ಅಷ್ಟು ಸಾಕು. ಕುಲಪತಿಗಳು ಬೆಂಗಳೂರಲ್ಲಿ ಕೂತು 'ವಿಭೂತಿ ಗಾಳಿಯಲ್ಲಿ ಹುಟ್ಟಲ್ಲ, ದ್ರವ್ಯ ಸಂರಕ್ಷಣಾ ನಿಯಮ ಓದಿ' ಅಂತ ಒಂದು ಹೇಳಿಕೆ ಕೊಟ್ಟಿದ್ದರೆ ಸಾಕಿತ್ತು. ಮಾತು ತಪ್ಪೂ ಆಗ್ತಿರಲಿಲ್ಲ. ಆದರೆ 1976ರ ಜುಲೈನಲ್ಲಿ ಸಮಿತಿ ಪಾಂಡವಪುರಕ್ಕೇ ಹೋಯಿತು. ಕಣ್ಣೆದುರೇ ನೋಡಿತು. ವಿಭೂತಿ ಹುಡುಗನ ಬಟ್ಟೆಯೊಳಗೆ ಬಚ್ಚಿಟ್ಟದ್ದು ಅನ್ನೋದು ಬಯಲಾಯಿತು.

ಇದರಲ್ಲಿ ನನಗೆ ಮುಖ್ಯ ಅನಿಸೋದು ಮೋಸ ಸಿಕ್ಕಿಬಿತ್ತು ಅನ್ನೋದಲ್ಲ. ಮೋಸ ಇರುತ್ತೆ ಅಂತ ಎಚ್ಚೆನ್‌ಗೆ ಹೋಗುವ ಮೊದಲೇ ಅನ್ನಿಸಿರಬಹುದು. ಆದರೂ ಹೋದರು. ಬೆಂಗಳೂರಿನಲ್ಲೇ ಇದ್ದಿದ್ದರೆ ಅವರದು ಅಭಿಪ್ರಾಯ, ಭಕ್ತರದು ಇನ್ನೊಂದು ಅಭಿಪ್ರಾಯ. ಹೋದದ್ದರಿಂದ ಅದು ಒಂದು ಸಂಗತಿ ಆಯಿತು. ಆಮೇಲೆ ಅದನ್ನು ಅಲ್ಲಗಳೆಯೋದು ಭಕ್ತರಿಗೂ ಸುಲಭವಿರಲಿಲ್ಲ.

ಎಚ್ಚೆನ್ ಮಾಡಿದ್ದೆಲ್ಲ ಸರಿ ಅಂತ ನಾನೇನೂ ಹೇಳಲ್ಲ. ಅದೇ ವರ್ಷ ಪುಟ್ಟಪರ್ತಿಯ ಸತ್ಯಸಾಯಿ ಬಾಬಾ ಅವರಿಗೆ, ನಮ್ಮ ಎದುರು ಪರೀಕ್ಷೆಗೆ ಒಪ್ಪಿಕೊಳ್ಳಿ ಅಂತ ಮೂರು ಪತ್ರ ಬರೆದರು. ಪತ್ರಗಳು ದೊಡ್ಡ ಸುದ್ದಿಯಾದವು, ಉತ್ತರ ಬರಲಿಲ್ಲ. ಬಹಿರಂಗ ಸವಾಲು ಹಾಕಿದರೆ ಎದುರಿನವರಿಗೆ 'ಬರಲ್ಲ' ಅನ್ನೋದಕ್ಕೆ ನಾವೇ ದಾರಿ ಮಾಡಿಕೊಟ್ಟ ಹಾಗೆ ಅಂತ ನನಗನಿಸುತ್ತೆ. 1977ರಲ್ಲಿ ಅವರ ಕುಲಪತಿ ಅವಧಿ ಮುಗಿಯಿತು, ಸಮಿತಿಯೂ ಮುಗಿಯಿತು. ಅಂಥ ಇನ್ನೊಂದು ಸಮಿತಿ ಮಾಡೋ ಎದೆಗಾರಿಕೆ ಆಮೇಲೆ ಯಾವ ಕುಲಪತಿಗೂ ಬಂದ ಹಾಗೆ ಕಾಣೆ.

ಒಂದು ಕಾಕತಾಳೀಯ ನೋಡಿ. ಅದೇ 1976ರ ಏಪ್ರಿಲ್-ಮೇನಲ್ಲಿ ಅಮೆರಿಕದ ಬಫಲೋ ನಗರದಲ್ಲಿ ಪಾಲ್ ಕರ್ಟ್ಸ್ ಎಂಬ ತತ್ವಶಾಸ್ತ್ರದ ಪ್ರೊಫೆಸರ್ ಇನ್ನೊಂದು ಸಮಿತಿ ಕಟ್ಟಿದರು. ಸಿಕಾಪ್ ಅಂತ ಅದರ ಚಿಕ್ಕ ಹೆಸರು. ಅಲೌಕಿಕ ಅನ್ನುವ ಹೇಳಿಕೆಗಳ ವೈಜ್ಞಾನಿಕ ತನಿಖೆ ಅದರ ಉದ್ದೇಶ. ಹಾರುವ ತಟ್ಟೆಯೂ ಅದರ ಪಟ್ಟಿಯಲ್ಲಿತ್ತು. ಮುಂದೆ ನಮ್ಮ ಎಚ್ಚೆನ್ ಕೂಡ ಅದರ ಫೆಲೋ ಆದರು. ಆದರೆ ಅದರ ಸ್ಥಾಪಕರಲ್ಲೇ ಒಬ್ಬರಾದ ಸಮಾಜಶಾಸ್ತ್ರಜ್ಞ ಮಾರ್ಸೆಲೋ ಟ್ರುಝಿ ಸ್ವಲ್ಪ ಕಾಲದಲ್ಲೇ ಹೊರಬಿದ್ದರು. ನೀವು ತನಿಖೆ ಮಾಡ್ತಿಲ್ಲ, ವಕಾಲತ್ತು ಮಾಡ್ತಿದ್ದೀರಿ ಅನ್ನೋದು ಅವರ ದೂರು. ಮುಂದೆ 1987ರಲ್ಲಿ ಅವರು ಇಂಥವರ ಬಗ್ಗೆ 'ಹುಸಿ ಸಂದೇಹವಾದ' ಅನ್ನೋ ಅರ್ಥದ ಮಾತನ್ನು ಬಳಸಿ ಲೇಖನ ಬರೆದರು. ಅವರ ತರ್ಕ ಸರಳ. 'ನನಗೆ ಗೊತ್ತಿಲ್ಲ' ಅನ್ನುವವನು ಏನನ್ನೂ ಸಾಬೀತು ಮಾಡಬೇಕಿಲ್ಲ. ಆದರೆ 'ಅದು ಬರೀ ಬಲೂನು' ಅಂದರೆ ಅದೂ ಒಂದು ಹೇಳಿಕೆಯೇ. ಬಲೂನು ಅಂತ ತೋರಿಸೋ ಜವಾಬ್ದಾರಿ ಹೇಳಿದವನದೇ.

ಅಮೆರಿಕದ ವಾಯುಪಡೆಯ ಕತೆ ಇದಕ್ಕೆ ಒಳ್ಳೆ ಉದಾಹರಣೆ. ಅವರ ಪ್ರಾಜೆಕ್ಟ್ ಬ್ಲೂ ಬುಕ್ 1969ರ ಡಿಸೆಂಬರ್‌ನಲ್ಲಿ ಮುಚ್ಚುವ ಹೊತ್ತಿಗೆ 12,618 ವರದಿಗಳಿದ್ದವು. ಬಹುಪಾಲು ನಕ್ಷತ್ರ, ವಿಮಾನ, ಬಲೂನು. 701 ಮಾತ್ರ ಏನೆಂದು ಗೊತ್ತಾಗಲಿಲ್ಲ. ಗೊತ್ತಾಗಲಿಲ್ಲ ಅಂದರೆ ಅನ್ಯಗ್ರಹದ್ದು ಅಂತಲ್ಲ, ಗೊತ್ತಾಗಲಿಲ್ಲ ಅಂತ ಅಷ್ಟೇ. ಅದರ ವಿಜ್ಞಾನ ಸಲಹೆಗಾರ ಖಗೋಳ ವಿಜ್ಞಾನಿ ಅಲೆನ್ ಹೈನೆಕ್. (ಅವರು ಮೊದಲು ಪಾಠ ಮಾಡ್ತಿದ್ದದ್ದೂ ಎಚ್ಚೆನ್ ಓದಿದ ಅದೇ ಓಹಿಯೋ ಸ್ಟೇಟ್‌ನಲ್ಲಿ!) 1948ರಲ್ಲಿ ಕೆಲಸಕ್ಕೆ ಸೇರಿದಾಗ ಹೈನೆಕ್ ಪಕ್ಕಾ ಸಂದೇಹವಾದಿ. 1966ರ ಮಾರ್ಚ್‌ನಲ್ಲಿ ಮಿಚಿಗನ್‌ನಲ್ಲಿ ಬಹಳ ಜನ ಬೆಳಕು ಕಂಡಾಗ, ಅದು ಜೌಗು ನೆಲದಿಂದ ಏಳುವ ಅನಿಲ ಇರಬಹುದು ಅಂದರು. ದೇಶವೇ ನಕ್ಕಿತು, ಈ ಸಲ ವಿಜ್ಞಾನಿಯನ್ನು ನೋಡಿ. ಕಂಡವರಿಗೆ ಅವಮಾನ ಆಯಿತು ಅಂತ ಅಲ್ಲಿನ ಸಂಸದ ಜೆರಾಲ್ಡ್ ಫೋರ್ಡ್, ಮುಂದೆ ಅಧ್ಯಕ್ಷರಾದವರು, ಸಂಸತ್ತಿನ ವಿಚಾರಣೆ ಕೇಳಿದರು. ಹೈನೆಕ್ ನಿಧಾನಕ್ಕೆ ಬದಲಾದರು, ಈ ವರದಿಗಳನ್ನು ಸರಿಯಾಗಿ ಪರೀಕ್ಷಿಸಬೇಕು ಅಂತ ವಾದಿಸುವವರಾದರು.

ಸರ್ಕಾರ ಕೊಲರಾಡೋ ವಿಶ್ವವಿದ್ಯಾಲಯಕ್ಕೆ ಅಧ್ಯಯನ ವಹಿಸಿತು. ಮುಖ್ಯಸ್ಥ ಎಡ್ವರ್ಡ್ ಕಾಂಡನ್, ದೊಡ್ಡ ಭೌತವಿಜ್ಞಾನಿ. ಆದರೆ ಕೆಲಸ ಶುರುವಾಗಿ ಕೆಲವೇ ತಿಂಗಳಾಗಿತ್ತು, 1967ರ ಜನವರಿಯಲ್ಲಿ, ಇದರಲ್ಲಿ ಏನೂ ಇಲ್ಲ ಅನ್ನೋ ಧಾಟಿಯಲ್ಲಿ ಅವರು ಸಾರ್ವಜನಿಕವಾಗಿ ಮಾತಾಡಿಬಿಟ್ಟರು. ಪರೀಕ್ಷೆಗೆ ಮೊದಲೇ ಫಲಿತಾಂಶ! 1969ರಲ್ಲಿ ಬಂದ ವರದಿಯ ಮೊದಲಲ್ಲೇ ಕಾಂಡನ್ ಅವರ ತೀರ್ಮಾನ: ಇನ್ನು ಅಧ್ಯಯನ ಬೇಡ. ಒಳಗೆ ಪುಟ ತಿರುವಿದರೆ, ಅವರದೇ ತಂಡ ಬಿಡಿಸಲಾಗದೆ ಬಿಟ್ಟ ಪ್ರಕರಣಗಳು ಸಾಕಷ್ಟಿವೆ. ಆದರೆ ಬಹಳ ಜನ ಓದಿದ್ದು ಮುಂದಿನ ಪುಟಗಳನ್ನು ಮಾತ್ರ.

ಆ ನಗೆಯ ಬೆಲೆ ಎಷ್ಟು ಅನ್ನೋದು ಐವತ್ತು ವರ್ಷದ ನಂತರ ಗೊತ್ತಾಯಿತು. 2021ರ ಜೂನ್‌ನಲ್ಲಿ ಅಮೆರಿಕದ ಗುಪ್ತಚರ ಇಲಾಖೆ ಸೇನೆಯ ಪೈಲಟ್‌ಗಳೇ ಮೊದಲಾದವರಿಂದ ಬಂದ 144 ವರದಿ ನೋಡಿತು. ಖಚಿತವಾಗಿ ಬಿಡಿಸಲಾಗಿದ್ದು ಒಂದೇ ಒಂದು, ಗಾಳಿ ಇಳಿಯುತ್ತಿದ್ದ ದೊಡ್ಡ ಬಲೂನು. ಉಳಿದವಕ್ಕೆ ಮಾಹಿತಿ ಸಾಲದು. ಯಾಕೆ ಸಾಲದು? ಹೇಳಿಕೊಂಡರೆ ನಗ್ತಾರೆ ಅನ್ನುವ ಅಂಜಿಕೆ ಒಂದು ಕಾರಣ ಅಂತ ಆ ವರದಿಯೂ ಹೇಳಿತು, 2023ರ ಸೆಪ್ಟೆಂಬರ್‌ನಲ್ಲಿ ನಾಸಾ ನೇಮಿಸಿದ ತಜ್ಞರ ತಂಡವೂ ಹೇಳಿತು. ಅನ್ಯಗ್ರಹದ ಪುರಾವೆ ಆ ತಂಡಕ್ಕೆ ಸಿಗಲಿಲ್ಲ. ಒಳ್ಳೆ ದತ್ತಾಂಶವೂ ಸಿಗಲಿಲ್ಲ.

ನಮ್ಮಲ್ಲಿ ಇದನ್ನು ಸರಿಯಾಗಿ ಮಾಡಿದವರಿದ್ದಾರೆ, ಅದೂ ಬೆಂಗಳೂರಿನ ಕೋರಮಂಗಲದಲ್ಲಿ. 2012ರಲ್ಲಿ ಲಡಾಖ್ ಗಡಿಯ ನಮ್ಮ ಯೋಧರು ಆಕಾಶದಲ್ಲಿ ಹಳದಿ ಬೆಳಕಿನ ಗುಂಡುಗಳನ್ನು ಕಂಡರು. ಒಂದೆರಡಲ್ಲ, ನೂರಾರು ಸಲ. ಚೀನಾದ ಡ್ರೋನ್ ಅನ್ನುವ ಅನುಮಾನ. ಹಿಮದಲ್ಲಿ ನಿಂತ ಯೋಧನಿಗೆ 'ಯಾವ ಸಿನಿಮಾ ನೋಡಿದ್ದೆ' ಅಂತ ಯಾರೂ ಕೇಳಲಿಲ್ಲ. ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ಯೋಧರು ಬರೆದಿಟ್ಟ ಹೊತ್ತು, ದಿಕ್ಕು, ಎತ್ತರ ಎಲ್ಲ ಕೂಡಿಸಿ ನೋಡಿದರು. ಉತ್ತರ ಬಂತು: ಶುಕ್ರ ಮತ್ತು ಗುರು. ಗ್ರಹಗಳು! ಕತೆ ಕೊನೆಗೆ ಸಪ್ಪೆಯೇ ಆಯಿತು, ಆದರೆ ಯೋಧ ಸುಳ್ಳನಾಗಲಿಲ್ಲ. ಅವನು ಬರೆದಿಟ್ಟ ಲೆಕ್ಕದಿಂದಲೇ ಉತ್ತರ ಸಿಕ್ಕಿತು.

ಇದೆಲ್ಲ ಆಕಾಶದ ಮಾತಾಯಿತು, ನಮಗೇನು ಅಂತೀರಾ? ನೆಲಕ್ಕೆ ಬನ್ನಿ. ಶ್ರೀರಂಗಪಟ್ಟಣ, ಪಾಂಡವಪುರ ತಾಲ್ಲೂಕುಗಳಲ್ಲಿ ಜನ ಎಷ್ಟೋ ವರ್ಷದಿಂದ ಹೇಳ್ತಿದ್ದರು. ಧಡ್ ಅಂತ ಸದ್ದು ಬರುತ್ತೆ, ಪಾತ್ರೆ ಅಲ್ಲಾಡುತ್ತೆ, ಗೋಡೆ ನಡುಗುತ್ತೆ ಅಂತ. ಏನು ಉತ್ತರ ಸಿಗ್ತಿತ್ತು? ಗುಡುಗಿರಬೇಕು. ವಿಮಾನ ಇರಬೇಕು. ಭ್ರಮೆ. 2018ರ ಸೆಪ್ಟೆಂಬರ್‌ನಲ್ಲಿ ಅಂಥದೇ ಭಾರೀ ಸದ್ದು ಬಂದಾಗ ಕನ್ನಂಬಾಡಿ ಕಟ್ಟೆಯ ಬಳಿ ಇಟ್ಟ ಕಂಪನ ಮಾಪಕದಲ್ಲಿ ಅದು ದಾಖಲಾಗಿತ್ತು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಬೆರಳು ತೋರಿಸಿದ್ದು ಕಲ್ಲುಗಣಿಯ ಸ್ಫೋಟಗಳ ಕಡೆ. ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟದ ಹೆಸರು ಆಮೇಲೆ ರಾಜ್ಯಕ್ಕೆಲ್ಲ ಗೊತ್ತಾಯಿತು. 2024ರಲ್ಲಿ ಹೈಕೋರ್ಟ್ ಅಣೆಕಟ್ಟೆಯ ಸುತ್ತ 20 ಕಿಲೋಮೀಟರ್ ಒಳಗೆ ಗಣಿಗಾರಿಕೆಗೆ ತಡೆ ಹಾಕಿತು.

ಎಲ್ಲ ಸದ್ದೂ ಗಣಿಯದಲ್ಲ, ಅದನ್ನೂ ಹೇಳಬೇಕು. 2020ರ ಮೇ 20ರಂದು ಬೆಂಗಳೂರು ಬೆಚ್ಚಿಬಿದ್ದ ಸದ್ದು ವಾಯುಪಡೆಯ ಪರೀಕ್ಷಾ ಹಾರಾಟದ್ದು, ಶಬ್ದದ ವೇಗ ಮೀರಿದ ವಿಮಾನದ್ದು. ಭೂಕಂಪ ಮಾಪಕದಲ್ಲಿ ಏನೂ ಇರಲಿಲ್ಲ. ಎರಡೂ ಕಡೆ ವಾದ ಬಗೆಹರಿದದ್ದು ಮಾಪಕ ನೋಡಿದ್ದರಿಂದ. ಬೆಂಗಳೂರಿಗೆ ಆ ಉತ್ತರ ಒಂದೇ ದಿನದಲ್ಲಿ ಸಿಕ್ಕಿತು. ಪಾಂಡವಪುರದವರು ವರ್ಷಗಟ್ಟಲೆ ಕಾದರು.

2022ರಲ್ಲಿ ಪರೀಕ್ಷಾ ಸ್ಫೋಟ ಮಾಡಿ ನೋಡ್ತೀವಿ ಅಂತ ಧನಬಾದ್‌ನಿಂದ ವಿಜ್ಞಾನಿಗಳು ಬೇಬಿ ಬೆಟ್ಟಕ್ಕೆ ಬಂದಾಗ ರೈತರು ರಸ್ತೆಗಿಳಿದು ವಾಪಸ್ ಹೋಗಿ ಅಂದರು. ನಾವು ಸ್ಟುಡಿಯೋದಲ್ಲಿ ಕೇಳಿದೆವು, ರೈತರಿಗೆ ವಿಜ್ಞಾನದ ಮೇಲೆ ಯಾಕೆ ನಂಬಿಕೆ ಇಲ್ಲ? ಅಣೆಕಟ್ಟೆ ಪಕ್ಕ ಇನ್ನೊಂದು ಸ್ಫೋಟವಾ ಅನ್ನೋ ಭಯ ಅವರಿಗಿತ್ತು, ಅದು ನ್ಯಾಯ. ಆದರೆ ಆ ಪ್ರಶ್ನೆ ಕೇಳೋ ಯೋಗ್ಯತೆ ನಮಗಿತ್ತಾ? ಗೋಡೆ ನಡುಗುತ್ತೆ ಅಂದವನಿಗೆ ಭ್ರಮೆ ಅಂದವರಲ್ಲಿ ನಾವೂ ಇದ್ದೆವು.

ಕೆ.ಆರ್.ಪೇಟೆಯ ಆ ಹೆಣ್ಣುಮಗಳಿಗೆ ಒಂದು ವಾರದ ನಂತರ ನಾನೇ ಫೋನ್ ಮಾಡಿದೆ. ಆಫೀಸಿನ ಕಾಲ್ ಲಿಸ್ಟಿನಲ್ಲಿ ನಂಬರ್ ಇತ್ತು. ಹೆಸರು ಹೇಳಿ, "ಅಮ್ಮಾ, ಅವತ್ತು ತಪ್ಪಾಯ್ತು" ಅಂದೆ. ಸ್ಟಾರ್‌ಲಿಂಕ್ ವಿಷಯ ಹೇಳಿದೆ. ಉಪಗ್ರಹ, ಬಿಸಿಲು, ಭೂಮಿಯ ನೆರಳು, ಎಲ್ಲ. ಸುಮ್ಮನೆ ಕೇಳಿಸಿಕೊಂಡರು. "ಹಂಗಾದ್ರೆ ನಾನು ಕಂಡಿದ್ದು ಸರಿ ತಾನೇ?" ಅಂದರು. ನೂರಕ್ಕೆ ನೂರು ಸರಿ ಅಂದೆ.

"ಇದನ್ನ ಅವತ್ತೇ ಟೀವೀಲಿ ಹೇಳಿದ್ರೆ ಆಯ್ತಿತ್ತಲ್ಲ ಸಾರ್. ನಮ್ಮೂರಲ್ಲಿ ಹುಡುಗ್ರು ಇವತ್ತಿಗೂ ನನ್ನ ಕಂಡ್ರೆ ಯಾವ ಸಿನಿಮಾ ಅಂತಾರೆ."

ಇನ್ನೊಂದು ಸಲ ಕಂಡರೆ ದಯವಿಟ್ಟು ನನಗೆ ಫೋನ್ ಮಾಡಿ ಅಂತ ಕೇಳಿಕೊಂಡೆ.

"ಮೊನ್ನೇನೂ ಬಂದಿತ್ತು. ಮಗನ ಮೊಬೈಲ್‌ನಲ್ಲಿ ಹಿಡಿದು ಇಟ್ಕೊಂಡಿದೀನಿ," ಅಂದರು. "ನಿಮಗೆ ಮಾತ್ರ ಕಳಿಸಲ್ಲ."